ಮರಳದಂಡೆಯಲ್ಲಿ ಬಂಡೆಯೇರಾಟ

ಹಂಪಿಯ ಗುಂಡುಬಂಡೆಗಳನ್ನು ಹಗ್ಗವಿಲ್ಲದೆ ಏರುವವರನ್ನು ಕಂಡಂದಿನಿಂದ ನಮ್ಮ ಮಕ್ಕಳಿಗೆ ಬೌಲ್ಡರಿಂಗ್‌ನ ಹುಚ್ಚು, ಮನೆಯಾಕೆಗೆ ಕಡಲಿನದು. ಎರಡೂ ಒದಗಲೆಂದು ಕಳೆದ ಡಿಸೆಂಬರಿನಲ್ಲಿ ಗೋಕರ್ಣದ ಓಂ ಕಡಲತೀರಕ್ಕೆ ತೆರಳಿದೆವು. ಅರ್ಧಚಂದ್ರಾಕಾರದ ಎರಡು ಮರಳದಂಡೆಗಳು, ಅವುಗಳ ನಡುವೆ ಕಡಲಿಗೆ ಚಾಚಿದ ಕರಿಬಂಡೆಗಳು. ಸಮೀಪದ ತೋಟವೊಂದರಲ್ಲಿ ಒಡೆಯರ ಒಪ್ಪಿಗೆ ಪಡೆದು ಡೇರೆ ಹೂಡಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯಿತ್ತು.

ಬಿದ್ದರೆ ಪೆಟ್ಟಾಗದಿರಲೆಂದು ದಪ್ಪ ಹಾಸುಗೆಯನ್ನೂ ಒಯ್ದಿದ್ದ ನಾವು ಉಬ್ಬರದ ವೇಳೆಯನ್ನು ಮಾತ್ರ ವಿಚಾರಿಸಿರಲಿಲ್ಲ. ಹತ್ತು ವರ್ಷದ ಕಿರಿಯವನು ಇಳಿತದಲ್ಲಿ ಏರಿದ ಬಂಡೆಯನ್ನು ನೋಡನೋಡುತ್ತಿದ್ದಂತೆ ನೀರು ಸುತ್ತುವರಿಯಿತು. ಏರುವಾಗ ಕಣ್ಣು ಹಿಡಿತವನ್ನು ಕಾಣುತ್ತದೆ. ಇಳಿಯುವಾಗ ಕಾಲು ಕುರುಡು. ಕೆಳಗಿನ ಪಾಚಿಯೋ, ಜಾರುವಂಥದು! ಮೀನುಗಾರರೊಬ್ಬರು ಎದೆಮಟ್ಟದ ನೀರಿಗಿಳಿದು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ನಮ್ಮನ್ನು ಗದರಲಿಲ್ಲ, ಅದೇ ನಮಗೆ ಹೆಚ್ಚು ನಾಟಿತು. ಉಬ್ಬರವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುವುದೆಂದೂ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹೆಚ್ಚು ಏರುವುದೆಂದೂ ತಿಳಿಸಿದರು.

ಮರುದಿನ ಒಣಮರಳಿನ ಮೇಲಿನ ಸೊಂಟದೆತ್ತರದ ಕಲ್ಲುಗಳಲ್ಲಿ ಮೊದಲು ಇಳಿಯುವುದನ್ನೇ ಕಲಿಸಿದೆವು. ಕಿರಿಯವನು ನೀರಿನಂಚಿಗೆ ಕೋಲೊಂದನ್ನು ನೆಟ್ಟು, ಪ್ರತಿಸಲ ಏರುವ ಮುನ್ನ ಅದರತ್ತ ನೋಡುತ್ತಿದ್ದನು.