ಫ್ಯಾನು ಗುಂಯ್ ಅಂದರೆ, ಬೋರ್ಡು ಚುರ್ ಅಂದರೆ

ಕಳೆದ ಮಳೆಗಾಲದಲ್ಲಿ ಅಮ್ಮ ಊರಿನಿಂದ ನಮ್ಮ ಡೊಂಬಿವಲಿ ಮನೆಗೆ ಬಂದಿದ್ದರು. ಎರಡನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ, "ನಿಮ್ಮ ಮನೆಯಲ್ಲಿ ರಾತ್ರಿಯಿಡೀ ಏನೋ ಸದ್ದು ಉಂಟಲ್ಲ, ನಿಮಗೆ ನಿದ್ದೆ ಹೇಗೆ ಬರ್ತದೆ?" ಎಂದರು. ನನಗೆ ನಗು ಬಂತು. ಹಿಂದೆ ಲೋಕಲ್ ಟ್ರೇನು, ಮುಂದೆ ರಿಕ್ಷಾ ಸ್ಟ್ಯಾಂಡು. ಇವುಗಳ ಮಧ್ಯೆ 20 ವರ್ಷ ಮಲಗಿದವನಿಗೆ ಫ್ಯಾನಿನ ಸದ್ದು ಯಾವ ಲೆಕ್ಕ? ಅದೂ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ಮಾಡಿಯೇ ನಿವೃತ್ತನಾದವನಿಗೆ!

ಆದರೂ ಆ ರಾತ್ರಿ ಅಮ್ಮನ ಕೋಣೆಯಲ್ಲಿ ಕೂತು ಕೇಳಿದೆ. ಫ್ಯಾನಿನಿಂದ ಗುಂಯ್ ಎನ್ನುವ ಸದ್ದು, ಅದರ ಜೊತೆಗೊಂದು ಟಕ್ ಟಕ್. ಸ್ವಿಚ್ ಆರಿಸಿದೆ. ಗುಂಯ್ ಆ ಕ್ಷಣವೇ ನಿಂತಿತು. ಟಕ್ ಟಕ್ ಮಾತ್ರ ರೆಕ್ಕೆಯ ಜೊತೆಗೇ ನಿಧಾನವಾಗುತ್ತಾ ಹೋಗಿ ನಿಂತಿತು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕರೆಂಟಿನ ಜೊತೆ ನಿಲ್ಲುವ ಸದ್ದು ಕರೆಂಟಿನದು, ರೆಕ್ಕೆಯ ಜೊತೆ ನಿಲ್ಲುವ ಸದ್ದು ಯಂತ್ರದ್ದು.

ಟಕ್ ಟಕ್‌ಗೆ ಕಾರಣ ಸುಲಭ. ಒಂದು ರೆಕ್ಕೆಯ ಸ್ಕ್ರೂ ಸಡಿಲವಾಗಿತ್ತು. ಮೇನ್ ಆಫ್ ಮಾಡಿ ಬಿಗಿದೆ. ಹಾಗೆಯೇ ಧೂಳು ಒರೆಸಿ, ಒಂದು ಕೋಲು ಹಿಡಿದು ಪ್ರತಿ ರೆಕ್ಕೆಯ ತುದಿ ಸೀಲಿಂಗಿನಿಂದ ಎಷ್ಟು ಕೆಳಗಿದೆ ಎಂದು ಅಳೆದೆ. ಮೂರೂ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಫ್ಯಾನು ತೂಗಾಡುತ್ತದೆ. ಮೇಲಿನ ಬಟ್ಟಲು ಇಳಿಸಿ, ಕೊಕ್ಕೆಯ ಬೋಲ್ಟು, ಅದರ ಪಿನ್ನು, ರಬ್ಬರು ಸರಿಯಾಗಿವೆಯೇ ಎಂದೂ ನೋಡಿದೆ. ಸದ್ದು ಕರಕರ ಎಂದಿದ್ದರೆ ಅದು ಬೇರಿಂಗ್. ಅದಕ್ಕೆ ಹೊರಗಿನಿಂದ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಬದಲಿಸಬೇಕು.

ಗುಂಯ್‌ನ ಕಥೆ ಬೇರೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಪ್ರತಿ ಆವರ್ತದಲ್ಲಿ ಅಯಸ್ಕಾಂತದ ಸೆಳೆತ ಎರಡು ಸಲ ಏರಿಳಿಯುವುದರಿಂದ ಮೋಟಾರಿನೊಳಗಿನ ಕಬ್ಬಿಣದ ತಗಡು, ತಂತಿಸುರುಳಿ ಸೆಕೆಂಡಿಗೆ 100 ಸಲ ಕಂಪಿಸುತ್ತವೆ. ಹಳೆ ಟ್ಯೂಬ್‌ಲೈಟಿನ ಚೋಕು ಗುಂಯ್ ಅನ್ನುತ್ತಿದ್ದುದೂ ಇದಕ್ಕೇ. ಇಂಥ ಮೋಟಾರಿನ ಫ್ಯಾನಿನಲ್ಲಿ ಇದು ಸ್ವಲ್ಪ ಇರುತ್ತದೆ. ಹೆಚ್ಚಿದ್ದರೆ ರೆಗ್ಯುಲೇಟರನ್ನು ಪೂರ್ತಿ ವೇಗಕ್ಕೆ ತಿರುಗಿಸಿ ನೋಡಿ. ನಮ್ಮಲ್ಲಿ ಪೂರ್ತಿ ತಿರುಗಿಸಿದಾಗ ಸದ್ದು ಮಾಯ, ಇಳಿಸಿದಾಗ ಮತ್ತೆ ಶುರು. ಅದು ನಯವಾಗಿ ತಿರುಗುವ ಡಿಮ್ಮರ್ ಜಾತಿಯ ರೆಗ್ಯುಲೇಟರು. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕಳಿಸುವುದರಿಂದ ಮೋಟಾರು ನಡುಗುತ್ತದೆ. ಕೆಪಾಸಿಟರ್ ಇರುವ, ಒಂದೊಂದೇ ಹೆಜ್ಜೆ ತಿರುಗುವ ರೆಗ್ಯುಲೇಟರು ಹಾಕಿಸಿದ ಮೇಲೆ ಸದ್ದು ಕೇಳಿಸದಷ್ಟು ಇಳಿಯಿತು. ಫ್ಯಾನು ಪೂರ್ತಿ ವೇಗದಲ್ಲೂ ನಿಧಾನ, ಶುರುವಾಗಲು ಕೈಯಿಂದ ತಳ್ಳಬೇಕು ಅನ್ನುವಂತಿದ್ದರೆ ಫ್ಯಾನಿನದೇ ಕೆಪಾಸಿಟರ್ ಸೋತಿರಬಹುದು. ಹಳೆಯದರ ಮೇಲೆ ಎಷ್ಟು ಮೈಕ್ರೋಫ್ಯಾರಡ್ ಎಂದು ಬರೆದಿದೆಯೋ ಅಷ್ಟರದ್ದೇ ತನ್ನಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು, ಬಲ್ಲವರಿಂದಲೇ ಹಾಕಿಸಿ.

ದೀಪದ ಸದ್ದಿಗೂ ಇಂಥದೇ ಉಪಾಯ. ಸದ್ದು ಮಾಡುವ ಬಲ್ಬನ್ನು ಬೇರೆ ಹೋಲ್ಡರಿಗೆ ಹಾಕಿ. ಸದ್ದು ಬಲ್ಬಿನ ಜೊತೆಗೇ ಹೋದರೆ ತಪ್ಪು ಬಲ್ಬಿನದು. ಎಲ್‌ಇಡಿಯ ಒಳಗಿನ ಸಣ್ಣ ಸರ್ಕೀಟು ಹಾಗೆ ಹಾಡುವುದುಂಟು. ಸದ್ದು ಮೊದಲಿನ ಜಾಗದಲ್ಲೇ ಉಳಿದರೆ ಹೋಲ್ಡರು, ಸ್ವಿಚ್ಚು, ಡಿಮ್ಮರು ನೋಡಬೇಕು. ನಮ್ಮ ಹಾಲಿನಲ್ಲಿ ಹಳೆ ಬಲ್ಬಿನ ಕಾಲದ ಡಿಮ್ಮರಿಗೆ ಮಾಮೂಲಿ ಎಲ್‌ಇಡಿ ಹಾಕಿದ್ದೆವು. ಡಿಮ್ಮರ್ ತೆಗೆಸಿ ಬರೀ ಸ್ವಿಚ್ಚು ಇಟ್ಟ ಮೇಲೆ ಅದೂ ಸುಮ್ಮನಾಯಿತು.

ಎಲ್ಲ ಮುಗಿಸಿ ಹೆಮ್ಮೆಯಿಂದ, "ಈಗ ನಿದ್ದೆ ಮಾಡು" ಎಂದೆ. ಮರುದಿನ ಅಮ್ಮ, "ಅದೆಲ್ಲ ನಿಂತಿತು. ಆದರೆ ಮಂಚದ ಹತ್ತಿರ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳ್ತದೆ" ಎಂದರು.

ಈ ಸಲ ನಗು ಬರಲಿಲ್ಲ. ಸ್ವಿಚ್‌ಬೋರ್ಡಿಗೆ ಕಿವಿ ಹತ್ತಿರ ತಂದೆ. ಬಿಟ್ಟು ಬಿಟ್ಟು ಚುರ್, ಚುರ್. ಕೂಡಲೇ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಬೋರ್ಡು ಬಿಚ್ಚಿದಾಗ ಸಾಕೆಟ್ಟಿಗೆ ಬರುವ ವೈರು ಸಡಿಲವಾಗಿ, ಅದರ ಪ್ಲಾಸ್ಟಿಕ್ಕು ಕರಗಿ ಕಪ್ಪಾಗಿತ್ತು. ದಿನಾ ಇಸ್ತ್ರಿ ಮಾಡುವುದು ಅದೇ ಸಾಕೆಟ್ಟಿನಲ್ಲಿ. ಸಡಿಲ ಜೋಡಣೆಯಲ್ಲಿ ಕಿಡಿ ಹಾರಿ, ಬಿಸಿಯಾಗಿ, ಬೆಂಕಿ ಹತ್ತುವುದು ಹೀಗೆಯೇ. ಕೆಳಗೆ ಅಮ್ಮನ ಹತ್ತಿ ಹಾಸಿಗೆ.

ಆದ್ದರಿಂದ ಓದುಗರಲ್ಲಿ ಒಂದೇ ಮಾತು. ಗುಂಯ್ ಬರೀ ಕಿರಿಕಿರಿ. ಭಾನುವಾರದವರೆಗೆ ಕಾದರೂ ನಡೆಯುತ್ತದೆ. ಫ್ಯಾನು ತೂಗಾಡುತ್ತಿದ್ದರೆ ಕೊಕ್ಕೆ ನೋಡುವ ತನಕ ಅದರ ಕೆಳಗೆ ಮಲಗಬೇಡಿ. ಬೋರ್ಡಿನಿಂದ ಚುರ್ ಎನ್ನುವ ಸದ್ದು, ಸುಟ್ಟ ವಾಸನೆ, ಮುಟ್ಟಿದರೆ ಬಿಸಿ, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಮೇನ್ ಆಫ್ ಮಾಡಿ.

ಒಂದು ರಾತ್ರಿ ಟಿ.ವಿ. ಆರಿಸಿ ಐದು ನಿಮಿಷ ಮನೆಯ ಸದ್ದು ಕೇಳಿ. ಊರಿನಿಂದ ಯಾರಾದರೂ ಬಂದಿದ್ದರೆ ಅವರನ್ನೇ ಕೇಳಿ ನೋಡಿ. ನಮ್ಮ ಕಿವಿಗೆ ಅಭ್ಯಾಸವಾಗಿಹೋದದ್ದು ಅವರಿಗೆ ಇನ್ನೂ ಕೇಳಿಸುತ್ತಿರುತ್ತದೆ.