ಶುಗರ್ ಚೀಟಿ ಕೊಟ್ಟು ಕಳಿಸಿದ್ರೆ ಸಾಕಾ?



ಏಪ್ರಿಲ್ 14 ಬಂದ್ರೆ ನಮ್ಮ ಕೇರಿಗಳಲ್ಲಿ ಆರೋಗ್ಯ ಶಿಬಿರ ನಡೆಯುತ್ತೆ. ಬೆರಳು ಚುಚ್ಚಿ, ಚೀಟಿ ಮೇಲೆ 280 ಅಂತ ಬರೆದು, ಪಕ್ಕದ ಟೇಬಲ್ಲಲ್ಲೇ ಲಾಡು ಕೊಟ್ಟು ಕಳಿಸ್ತೀವಿ! ಬಾಬಾಸಾಹೇಬರೂ ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿಂದ ನರಳಿದವರು. ವೇದಿಕೆ ಮೇಲೆ ಇದನ್ನ ಎಷ್ಟು ಜನ ಹೇಳ್ತಾರೆ?

ಆ ಚೀಟಿ ಹಿಡಿದವರು ಮುಂದೆ ಎಲ್ಲಿಗೆ ಹೋಗ್ಬೇಕು? ಎಲ್ಲರೂ ಶುಗರ್ ಸ್ಪೆಷಲಿಸ್ಟ್ ಹತ್ರ ಓಡಬೇಕಿಲ್ಲ. ಪಿಎಚ್‌ಸಿ ಡಾಕ್ಟರೇ ಮಾತ್ರೆ ಶುರು ಮಾಡ್ತಾರೆ, ಬಹಳ ಜನರಿಗೆ ಅಷ್ಟು ಸಾಕು. ಆದರೆ ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದರೂ ಎಚ್‌ಬಿಎ1ಸಿ (ಅಂದ್ರೆ ಮೂರು ತಿಂಗಳ ಸರಾಸರಿ) ಇಳಿಯದಿದ್ರೆ, ಪದೇ ಪದೇ ಶುಗರ್ ಲೋ ಆಗಿ ಬೆವರಿ ನಡುಗಿದ್ರೆ, ಮೂತ್ರದಲ್ಲಿ ಪ್ರೋಟೀನ್ ಕಂಡ್ರೆ, ಬಸುರಿ ಹೆಣ್ಮಕ್ಕಳಿಗೆ ಶುಗರ್ ಬಂದ್ರೆ ಸ್ಪೆಷಲಿಸ್ಟ್‌ಗೆ ತೋರಿಸಲೇಬೇಕು. ಮಕ್ಕಳಲ್ಲಿ ಕಾಣಿಸಿಕೊಂಡ್ರಂತೂ ಅವತ್ತೇ ಆಸ್ಪತ್ರೆಗೆ ಹೋಗಿ. ಟೈಪ್ 1 ಇರೋ ಮಗು ಇನ್ಸುಲಿನ್ ಇಲ್ಲದೆ ಉಳಿಯಲ್ಲ.

ಇನ್ನು ಕಾಲು. ಶುಗರ್ ನರ ಕೆಡಿಸಿದ ಮೇಲೆ ನೋವೇ ಗೊತ್ತಾಗಲ್ಲ. ಗಾಜು ಚುಚ್ಚಿದ್ರೂ ಪೌರಕಾರ್ಮಿಕ ಅಕ್ಕಂದಿರು ಬೀದಿ ಗುಡಿಸ್ತಾನೇ ಇರ್ತಾರೆ. ಮನೆಗೆ ಬಂದು ಚಪ್ಪಲಿ ಬಿಟ್ಟಾಗಲೇ ರಕ್ತ ಕಾಣೋದು. ಅರಿಶಿನ ಮೆತ್ತಿ ಸುಮ್ಮನಾಗ್ತಾರೆ. ಹುಣ್ಣು ಕಪ್ಪಾಗಿ ವಾಸನೆ ಬಂದ ಮೇಲೆ ಆಸ್ಪತ್ರೆಗೆ ಹೋದ್ರೆ ಬೆರಳೋ ಪಾದವೋ ಕತ್ತರಿಸೋ ಮಾತು. ಸಣ್ಣ ಗಾಯ ಇದ್ದಾಗಲೇ ತೋರಿಸಿದ್ರೆ ಎಷ್ಟೋ ಕಾಲು ಉಳಿಯುತ್ತವೆ. ಸ್ಪೆಷಲಿಸ್ಟ್ ಮಾಡೋದೇನು? ಔಷಧಿ ಬದಲಾಯಿಸ್ತಾರೆ, ಕಣ್ಣು ತೋರಿಸೋಕೆ ಕಳಿಸ್ತಾರೆ, ಒಂದು ನೈಲಾನ್ ಎಳೆಯಿಂದ ಪಾದ ಮುಟ್ಟಿ ಸ್ಪರ್ಶ ಇದೆಯಾ ನೋಡ್ತಾರೆ, ಕಾಲಿನ ನಾಡಿ ಹಿಡೀತಾರೆ. ವರ್ಷಕ್ಕೊಮ್ಮೆಯಾದರೂ ಇದು ಆಗ್ಬೇಕು. ಮೇಜಿನಾಚೆಯಿಂದಲೇ ಬರೆದು ಕಳಿಸೋ ಡಾಕ್ಟರಿಗೆ "ಕಾಲು ಮುಟ್ಟಿ ನೋಡಿ ಸಾರ್" ಅಂತ ಧೈರ್ಯವಾಗಿ ಹೇಳಿ. ಮುಟ್ಟಿಸಿಕೊಳ್ಳೋದು ನಮ್ಮ ಹಕ್ಕು.

ಜಿಲ್ಲಾಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಇದೆ. ಬೆಂಗಳೂರಲ್ಲಿ ಸರ್ಕಾರದ್ದೇ ಎಂಡೋಕ್ರೈನಾಲಜಿ ಸಂಸ್ಥೆ ಇದೆ. ಆದರೆ ಓಪಿಡಿ ನಡೆಯೋದು ಬೆಳಗ್ಗೆ, ಕಸದ ಡ್ಯೂಟಿನೂ ಬೆಳಗ್ಗೆನೇ. ಹಾಜರಿ ತಪ್ಪಿದ್ರೆ ಗುತ್ತಿಗೆಯವರ ಕೂಲಿ ಕಟ್. ಇಷ್ಟಾದ್ಮೇಲೂ "ಈ ಜನಕ್ಕೆ ಆರೋಗ್ಯದ ಅರಿವಿಲ್ಲ" ಅಂತಾರಲ್ಲ, ಮೈ ಉರಿಯುತ್ತೆ.

ಈ ಸಲ ನಗರಸಭೆಗೆ ಕೊಡೋ ಮನವಿಯಲ್ಲಿ ಎರಡು ಸಾಲು ಸೇರಿಸೋಣ: ಶುಗರ್ ಇರೋ ಪ್ರತಿ ಪೌರಕಾರ್ಮಿಕರಿಗೂ ಮೂರು ತಿಂಗಳಿಗೊಮ್ಮೆ ಸಂಬಳ ಸಹಿತ ರಜೆ ಕೊಡಿ, ಅವರವರ ಕಾಲಿನ ಅಳತೆಗೆ ಬೂಟು ಕೊಡಿ. ಜಯಂತಿ ಸಮಿತಿಯ ಅಣ್ಣತಮ್ಮಂದಿರೇ, ಲಾಡಿನ ದುಡ್ಡಲ್ಲಿ ಚೀಟಿ ಹಿಡಿದವರಿಗೆ ಜಿಲ್ಲಾಸ್ಪತ್ರೆಗೆ ಗಾಡಿ ಮಾಡಿ.