ನೋಡಲು ಹೋಗಬೇಡಿ, ಜೊತೆಗೆ ಹೋಗಿ

ನಮ್ಮ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂತೆಂದರೆ ನೋಡಿ ಬರುವುದು ಒಂದು ಪದ್ಧತಿ. ಎಳನೀರು, ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ ಹಿಡಿದು ಹೋಗುತ್ತೇವೆ. ಹಾಸಿಗೆ ಪಕ್ಕ ಕುಳಿತು ಒಂದು ನಿಟ್ಟುಸಿರು. ಆಮೇಲೆ, "ನಮ್ಮ ವೈನಿಗೂ ಹಿಂಗೇ ಆಗಿತ್ತ ನೋಡ್ರಿ, ಭಾಳ ದಿನ ಉಳೀಲಿಲ್ಲ" ಎಂಬ ಸಮಾಚಾರ! ಸ್ತನ ಕ್ಯಾನ್ಸರ್ ಆಪರೇಶನ್ ಮುಗಿಸಿ ಬಂದವಳ ಮನೆಯಲ್ಲಂತೂ ಮಾತಿಗಿಂತ ಮೊದಲು ಬಂದವರ ಕಣ್ಣು ಸೆರಗಿನ ಕಡೆ ಹೋಗುತ್ತದೆ. ಅದು ಆಕೆಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ?

ಹಾಗಾದರೆ ನಾವು ಮಾಡಬೇಕಾದ್ದೇನು ಎಂದು ಕೇಳುವ ಗೆಳತಿಯರಿಗಾಗಿ ಈ ಸಲ ದೂರದ ದೇಶದ ಒಂದು ವಿಷಯ. ಅದೂ ಮೀನು ಹಿಡಿಯುವ ವಿಷಯ! ಸಸ್ಯಾಹಾರಿ ಮನೆಯವರು ಮೂಗು ಮುರಿಯಬೇಡಿ, ಹಿಡಿದ ಮೀನನ್ನು ಅಲ್ಲಿ ಮತ್ತೆ ನೀರಿಗೇ ಬಿಡುತ್ತಾರೆ.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1996ರಲ್ಲಿ 'ಕಾಸ್ಟಿಂಗ್ ಫಾರ್ ರಿಕವರಿ' ಎಂಬ ಸಂಸ್ಥೆ ಶುರುವಾಯಿತು. ಶುರು ಮಾಡಿದವರಲ್ಲಿ ಒಬ್ಬರು ಸ್ತನದ ಮರುರಚನೆ ಮಾಡುವ ವೈದ್ಯೆ, ಇನ್ನೊಬ್ಬರು ಗಾಳ ಹಾಕುವುದರಲ್ಲಿ ಪಳಗಿದ ಮಹಿಳೆ. ಸ್ತನ ಕ್ಯಾನ್ಸರ್ ಆದ ಹದಿನಾಲ್ಕು ಜನ ಹೆಂಗಸರನ್ನು ಎರಡೂವರೆ ದಿನ ನದಿಯ ಹತ್ತಿರ ಇಟ್ಟುಕೊಳ್ಳುತ್ತಾರೆ. ಊಟ, ವಸತಿ, ಕಲಿಕೆ ಯಾವುದಕ್ಕೂ ದುಡ್ಡಿಲ್ಲ. ಕಲಿಸುವುದು ಫ್ಲೈ ಫಿಶಿಂಗ್. ಎರೆಹುಳು ಚುಚ್ಚುವ ನಮ್ಮ ಗಾಳ ಇದಲ್ಲ. ಗರಿ, ದಾರ ಸುತ್ತಿ ಮಾಡಿದ ಸುಳ್ಳು ನೊಣವೊಂದನ್ನು ಉದ್ದ ಕೋಲಿನ ದಾರದ ತುದಿಗೆ ಕಟ್ಟಿ, ಕೈಯನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಹಗುರಾಗಿ ಬೀಳಿಸುವುದು.

ಈ ಬೀಸುವಿಕೆಯೇ ಮುಖ್ಯ. ಸ್ತನದ ಆಪರೇಶನ್ನಿನಲ್ಲಿ ಎಷ್ಟೋ ಸಲ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ. ಭುಜ ಬಿಗಿಯುತ್ತದೆ, ಕೆಲವರಿಗೆ ಆ ಕಡೆಯ ಕೈಯೇ ಊದಿಕೊಳ್ಳುತ್ತದೆ. ಗೋಡೆ ಮೇಲೆ ಬೆರಳು ಏರಿಸುತ್ತಾ ಹೋಗುವ ವ್ಯಾಯಾಮವನ್ನು ವೈದ್ಯರು ಹೇಳಿ ಕಳಿಸುವುದು ಇದಕ್ಕೇ. ಗಾಳ ಬೀಸುವಾಗಲೂ ಕೈ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ಆದರೆ ಗೋಡೆಯ ಮುಂದೆ ಒಬ್ಬಳೇ ನಿಲ್ಲುವುದಕ್ಕೂ ಹೊಳೆಯಲ್ಲಿ ಹತ್ತು ಜನರ ಜೊತೆ ನಿಲ್ಲುವುದಕ್ಕೂ ವ್ಯತ್ಯಾಸ ಇಲ್ಲವೇ?

ಕೈಗೆ ಕೆಲಸ ಕೊಟ್ಟರೆ ಊದುತ್ತದೆ ಎಂದು ಹಿಂದೆ ವೈದ್ಯರೇ ಹೆದರಿಸುತ್ತಿದ್ದರು. ಅದೇ 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾ. ಡಾನ್ ಮೆಕೆಂಝಿ ಎಂಬ ಕ್ರೀಡಾ ವೈದ್ಯರು 24 ಹೆಂಗಸರಿಗೆ ತರಬೇತಿ ಕೊಟ್ಟು ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ಯಾರಿಗೂ ಹೊಸದಾಗಿ ಕೈ ಊದಲಿಲ್ಲ. ಇವತ್ತು ಹಂತಹಂತವಾಗಿ ವ್ಯಾಯಾಮ ಮಾಡಿ ಎಂದೇ ವೈದ್ಯರು ಹೇಳುವುದು.

ನನಗೆ ಹಿಡಿಸಿದ್ದು ಮಾತ್ರ ಆ ಶಿಬಿರದ ಸ್ವಯಂಸೇವಕರ ಕೆಲಸ. ಕೊನೆಯ ದಿನ ಒಬ್ಬೊಬ್ಬ ಹೆಂಗಸಿಗೂ ಒಬ್ಬೊಬ್ಬ ನದಿ ಸಹಾಯಕರು. ದಾರ ಸಿಕ್ಕಾದರೆ ಬಿಡಿಸುವುದು, ಕಲ್ಲಿನ ಮೇಲೆ ಕಾಲು ಜಾರದಂತೆ ನೋಡುವುದು, ಮೀನು ಸಿಕ್ಕರೆ ಖುಷಿಪಡುವುದು, ಅಷ್ಟೇ. ರೋಗದ ಬಗ್ಗೆ ಉಪದೇಶ ಇಲ್ಲ. ಇಬ್ಬರ ಕಣ್ಣೂ ನೀರಿನ ಮೇಲಿರುವುದರಿಂದ ಮುಖ ನೋಡಿಕೊಂಡು ಅಳಬೇಕಾದ ಸಂಕಟವೂ ಇಲ್ಲ. ಮಾತು ಬಂದರೆ ಬರಲಿ, ಬಾರದಿದ್ದರೆ ಬಿಡಲಿ. ಹೀರೇಕಾಯಿ ಸೋಸುತ್ತಾ ಕುಳಿತಾಗ ನಮ್ಮ ಬಾಯಿಂದ ಎಂಥೆಂಥ ಮಾತು ಹೊರಡುತ್ತದೆ, ನಿಮಗೂ ಗೊತ್ತಲ್ಲ!

ಭಾರತದಲ್ಲಿ ಹೆಂಗಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಇದೇ. 2022ರ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ಸುಮಾರು 1.9 ಲಕ್ಷ ಹೊಸ ರೋಗಿಗಳು. ನಮ್ಮ ಇಂಡಿ, ಸಿಂದಗಿ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಎಂದರೆ ಇಡೀ ರಾತ್ರಿಯ ಪ್ರಯಾಣ. ಕಲಬುರಗಿ, ಹುಬ್ಬಳ್ಳಿ, ಇಲ್ಲವೇ ಗಡಿ ದಾಟಿ ಸೊಲ್ಲಾಪುರ, ಬಾರ್ಶಿ. ಅಷ್ಟು ದೂರ ಅಲೆದು, ಕೂದಲು ಕಳೆದುಕೊಂಡು ಊರಿಗೆ ಬಂದವಳನ್ನು ನಾವು ಏನು ಮಾಡುತ್ತೇವೆ? ಮನೆಯೊಳಗೆ ಇಡುತ್ತೇವೆ. ನನ್ನ ಪರಿಚಯದ ಕಾಕು ಒಬ್ಬರು ಹೊಲಿಗೆ ಬಿಚ್ಚಿದ ದಿನವೇ ಡಾಕ್ಟರಿಗೆ ಕೇಳಿದ್ದು, "ರೊಟ್ಟಿ ಯಾವಾಗಿಂದ ಬಡೀಬಹುದ್ರಿ?" ಎಂದು. ಆದರೆ ಮನೆಯವರು ಪ್ರೀತಿಯಿಂದಲೇ ವರ್ಷಗಟ್ಟಲೆ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ, ಹೊಸ್ತಿಲೂ ದಾಟಿಸಲಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಪ್ರೀತಿಯಲ್ಲ, ಹೆದರಿಕೆ. ಮಗಳ ಸಂಬಂಧ ತಪ್ಪೀತು ಎಂದು ರೋಗವನ್ನೇ ಮುಚ್ಚಿಡುವುದು. ಅಂಟುರೋಗವೋ ಎಂಬಂತೆ ತಾಟು ಬೇರೆ ಇಡುವುದು. ಕ್ಯಾನ್ಸರ್ ಅಂಟುವುದಿಲ್ಲ. ವಂಶದಿಂದ ನೇರವಾಗಿ ಬರುವುದು ನೂರರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ. ಹೀಗೆ ಮುಚ್ಚಿಟ್ಟು ಮುಚ್ಚಿಟ್ಟು ಗಂಟು ಕಂಡವಳೂ ಆಸ್ಪತ್ರೆಗೆ ತಡವಾಗಿ ಹೋಗುತ್ತಾಳೆ, ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೇ?

ನಮ್ಮಲ್ಲಿ ಗಾಳದ ಶಿಬಿರ ಇಲ್ಲದಿದ್ದರೇನು? ಎಳ್ಳ ಅಮಾವಾಸ್ಯೆ ಇದೆಯಲ್ಲ! ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಕೂಡಿ ಉಣ್ಣುವುದು ನಮಗೆ ಯಾರೂ ಕಲಿಸಬೇಕಿಲ್ಲ. ಹಬ್ಬಕ್ಕೇ ಕಾಯಬೇಕೆಂದೂ ಇಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳದವರಿಗೆ ಆಲಮಟ್ಟಿಯ ಉದ್ಯಾನ ಹತ್ತಿರ, ಇಂಡಿಯವರಿಗೆ ಭೀಮೆಯ ದಂಡೆ ಇದೆ. ನಿಮ್ಮ ಮಹಿಳಾ ಮಂಡಳದಲ್ಲಿ ನಾಲ್ಕು ಜನ ಮನಸ್ಸು ಮಾಡಿದರೆ ಇಂಥ ಇಬ್ಬರು ಮೂವರನ್ನು ಒಂದು ದಿನ ಕರೆದುಕೊಂಡು ಹೋಗಿ ಬರಬಹುದು.

ಹೊರಡುವ ಮುಂಚೆ ಆಕೆಯ ವೈದ್ಯರನ್ನು ಕೇಳಬೇಕು. ಕಿಮೋ ನಡೆದಿರುವಾಗ ಸೋಂಕಿನ ಭಯ ಇರುವುದರಿಂದ ಜನಜಂಗುಳಿ ಬೇಡ. ನೆರಳು, ಕುಡಿಯುವ ನೀರು, ಸ್ವಚ್ಛ ಶೌಚಾಲಯ ಇರುವ ಜಾಗವನ್ನೇ ಆರಿಸಿ. ಆಪರೇಶನ್ ಆದ ಕಡೆಯ ಕೈಗೆ ಗಾಯ, ಬಿಸಿಲಿನ ಸುಡು ತಾಗದಂತೆ ನೋಡಿಕೊಳ್ಳಿ, ಭಾರದ ಚೀಲವನ್ನು ಒಮ್ಮೆಲೇ ಹೊರಿಸಬೇಡಿ. ಹಾಗೆಂದು ತಾಟು ಹಚ್ಚುವ ಕೆಲಸವನ್ನೂ ಕಸಿದುಕೊಳ್ಳಬೇಡಿ. ಕೈ ಬಿಗಿದಂತೆ, ಊದಿದಂತೆ ಕಂಡರೆ ಮುಲಾಮು ತಿಕ್ಕುತ್ತಾ ಕೂರದೆ ಡಾಕ್ಟರಿಗೆ ತೋರಿಸಬೇಕು. ನಾಟಿ ಔಷಧಿಯ ವಿಳಾಸ ಕೊಡುವ ಉತ್ಸಾಹಿಗಳನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಮತ್ತೆ ಫೋಟೊ! ಆಕೆ ತಾನಾಗಿ ಹೂಂ ಅನ್ನದೆ ವಾಟ್ಸಾಪಿಗೆ ಒಂದೂ ಹೋಗಕೂಡದು. ಆಕೆ ಅಲ್ಲಿ ಆಡಿದ ಮಾತೂ ಅಷ್ಟೇ, ನಿಮ್ಮ ಗಂಡನ ಕಿವಿಗೂ ಬೇಡ.

ಮನೆ ಬಿಟ್ಟು ಹೊರಡಲಾಗದವರು ಕ್ರೋಶಾ ಕಡ್ಡಿ ಕೈಗೆತ್ತಿಕೊಳ್ಳಬಹುದು. ಸ್ತನ ತೆಗೆಸಿಕೊಂಡವರು ಬ್ರಾದೊಳಗೆ ಇಟ್ಟುಕೊಳ್ಳಲೆಂದು ಹತ್ತಿ ನೂಲಿನಲ್ಲಿ ಹೆಣೆದ, ಹಗುರಾದ ಕೃತಕ ಸ್ತನಗಳನ್ನು ಮುಂಬೈನ ಸಾಯಿಷಾ ಇಂಡಿಯಾ ಫೌಂಡೇಶನ್ ಉಚಿತವಾಗಿ ಕೊಡುತ್ತದೆ. ಹೆಣೆಯುವವರು ನಮ್ಮಂಥ ಸ್ವಯಂಸೇವಕಿಯರೇ. ಒಗೆದು ಮತ್ತೆ ಬಳಸಬಹುದು, ಬೆವರಿಗೆ ಸಿಲಿಕಾನಿನಂತೆ ಕಿರಿಕಿರಿಯೂ ಇಲ್ಲ. ನಮ್ಮ ವಿಜಯಪುರದ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ.